ಹರಿಹರದಿಂದ ವಾಯಿದೆಗೆ

ಹರಿಹರೇಶ್ವರನ ಗುಡಿ ಮುಂದೆ ಹೂ ಕಟ್ಟುತ್ತ ಕೂತಿದ್ದ ಅಜ್ಜಿ ಎಲ್ಲಿಗೆ ಹೊರಟಿರಿ ಅಂದಳು. ದಾವಣಗೆರೆ ಕೋರ್ಟಿಗೆ, ಗಂಡ ಹೆಂಡಿರ ಕೇಸು ನಡೆಯುವ ಕಡೆಗೆ ಅಂದೆ. ಗುಡಿ ಹೊಯ್ಸಳ ಎರಡನೇ ನರಸಿಂಹನ ಕಾಲದ್ದು, 13ನೇ ಶತಮಾನದ್ದು. ಒಳಗಿನ ಮೂರ್ತಿ ಬಲಕ್ಕೆ ಹರ, ಎಡಕ್ಕೆ ಹರಿ. ಇವರಿಬ್ಬರು ಎಂಟುನೂರು ವರ್ಷದಿಂದ ಕೂಡಿಯೇ ಇದ್ದಾರಲ್ಲ ಅಂತ ಮಾತಿಗೆ ಅಂದೆ. ‘ಅವ್ರಿಗೇನಪ್ಪಾ, ಮನೆ ಬಾಡಿಗಿ ಇಲ್ಲ, ಅತ್ತಿ ಇಲ್ಲ’ ಅಂದು ದಾರ ಹಲ್ಲಲ್ಲಿ ಕಡಿದಳು.

ಗುಡಿಯಿಂದ ಹೊಳೆ ದೂರವಿಲ್ಲ. ಈಚೆ ದಂಡೆ ದಾವಣಗೆರೆ ಜಿಲ್ಲೆ, ಆಚೆಯ ಕುಮಾರಪಟ್ಟಣ ಹಾವೇರಿ ಜಿಲ್ಲೆ. ಸೇತುವೆ ದಾಟಿ ಹೆಣ್ಣು ಕೊಟ್ಟು ತರುವವರಿಗೆ ಈ ಗಡಿ ನೆನಪಿಗೂ ಬರುವುದಿಲ್ಲ. ಸಂಬಂಧ ಹಳಸಿದ ಮೇಲೆ ಬರುತ್ತದೆ: ಕೇಸು ಯಾವ ದಂಡೆಯಲ್ಲಿ? 1955ರ ಹಿಂದೂ ವಿವಾಹ ಕಾಯ್ದೆಯ ಪ್ರಕಾರ ಮದುವೆಯಾದ ಊರು, ಕೊನೆಗೆ ಕೂಡಿ ಬಾಳಿದ ಊರು, ಎದುರುದಾರರು ಇರುವ ಊರು, ಎಲ್ಲಾದರೂ ಹಾಕಬಹುದು. 2003ರ ತಿದ್ದುಪಡಿ ಆದಮೇಲೆ ಹೆಂಡತಿ ತಾನು ಇರುವ ಊರಿನಲ್ಲೇ ಹಾಕಬಹುದು. ತವರಿಗೆ ಬಂದು ಕೂತವಳಿಗೆ ಬಸ್ ಚಾರ್ಜು ಉಳಿಸಿದ ತಿದ್ದುಪಡಿ ಅದು.

ಕೋರ್ಟಿಗೂ ಮುಂಚೆ ಈ ಸೀಮೆಯಲ್ಲಿ ಪಂಚಾಯ್ತಿ ಇತ್ತು, ಬಿಡುಗಡೆ ಬರೆದುಕೊಡುವ ಸೋಡಚೀಟಿ ಇತ್ತು, ಬಿಟ್ಟವಳಿಗೆ ಉಡಿಕೆ ಅನ್ನುವ ಮರುಮದುವೆಯೂ ಇತ್ತು. ರೂಢಿಯ ಬಿಡುಗಡೆಯನ್ನು ಕಾಯ್ದೆ ಪೂರ್ತಿ ತಳ್ಳಿಹಾಕಿಲ್ಲ. ಆದರೆ ನಮ್ಮ ಜಾತಿಯಲ್ಲಿ ಆ ರೂಢಿ ಉಂಟು ಅಂತ ಸಾಬೀತು ಮಾಡಬೇಕು. ಹಿರಿಯರ ಸಹಿ ಹಾಕಿಸಿದ ಬಾಂಡ್ ಪೇಪರೊಂದನ್ನೇ ನಂಬಿ ಎರಡನೇ ಮದುವೆಯಾದವರು ಆಮೇಲೆ ಪೇಚಿಗೆ ಸಿಕ್ಕಿಕೊಳ್ಳುತ್ತಾರೆ.

ಹದಿನಾಲ್ಕು ಕಿಲೋಮೀಟರ್ ಬಸ್ಸು. ದಾವಣಗೆರೆಯ ಕೌಟುಂಬಿಕ ನ್ಯಾಯಾಲಯದ ಹೊರಗೆ ಬೆಂಚಿನ ಮೇಲೆ ಜಾಗವಿರಲಿಲ್ಲ, ಗೋಡೆಗೆ ಒರಗಿ ನಿಂತೆ. 1984ರ ಕಾಯ್ದೆಯಡಿ ಬಂದ ಈ ನ್ಯಾಯಾಲಯಗಳಲ್ಲಿ ವಿಚ್ಛೇದನ, ಜೀವನಾಂಶ, ಮಗುವಿನ ಸುಪರ್ದಿ ಮೂರೂ ಒಂದೇ ಸೂರಿನಡಿ. ಮೊದಲು ರಾಜಿಗೆ ಯತ್ನಿಸಬೇಕು ಅಂತ ಕಾಯ್ದೆಯೇ ಹೇಳುತ್ತದೆ. ವಕೀಲರನ್ನು ಇಟ್ಟುಕೊಳ್ಳುವುದು ಇಲ್ಲಿ ಹಕ್ಕಲ್ಲ ಅಂತಲೂ ಹೇಳುತ್ತದೆ. ಕಾರಿಡಾರಿನ ತುಂಬ ಕರಿಕೋಟು ಕಂಡಾಗ ಆ ಸಾಲು ನೆನೆದು ನಗು ಬಂತು.

ನನ್ನ ಪಕ್ಕ ನಿಂತಿದ್ದ ಹೆಂಗಸಿನ ಕೈಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರು. ಅದರೊಳಗೆ ಮದುವೆ ಕಾರ್ಡು, ಮಗನ ಆಧಾರ್, ಶಾಲೆ ಫೀಸಿನ ರಸೀದಿ, ಮುಂದಿನ ವಾಯಿದೆ ಬರೆದ ಚೀಟಿಗಳ ಕಟ್ಟು. ಜೀವನಾಂಶದ ಆದೇಶ ಆಗಿ ವರ್ಷವಾಯ್ತಂತೆ. ‘ಆರ್ಡರ್ ಐತ್ರೀ, ರೊಕ್ಕ ಇಲ್ಲ.’ ಈಗ ನಡೆಯುತ್ತಿರುವುದು ಎಫ್‌ಎಲ್‌ಡಬ್ಲ್ಯೂ, ಅಂದರೆ ಬಾಕಿ ವಸೂಲಿಯ ವಾರಂಟು. ಓದು ಬಾರದಿದ್ದರೂ ಆ ಮೂರು ಇಂಗ್ಲಿಷ್ ಅಕ್ಷರ ಅವಳ ನಾಲಿಗೆ ಮೇಲೆ ಸಲೀಸಾಗಿ ಹೊರಳುತ್ತವೆ.

ನನಗೆ ಕಂಡಂತೆ ಇಡೀ ವಿಷಯದ ಗಂಟು ಇರುವುದು ಇಲ್ಲೇ. ಕಾನೂನಿಗೆ ಬರವಿಲ್ಲ. ಜೀವನಾಂಶ ಕೊಡಿಸುವ ಹಳೆಯ ಸಿಆರ್‌ಪಿಸಿ 125, 2024ರ ಜುಲೈ 1ರಿಂದ ಬಿಎನ್‌ಎಸ್‌ಎಸ್ 144 ಆಗಿದೆ. ಮಧ್ಯಂತರ ಜೀವನಾಂಶದ ಅರ್ಜಿಯನ್ನು ನೋಟಿಸ್ ಮುಟ್ಟಿದ 60 ದಿನದೊಳಗೆ ಆದಷ್ಟು ಮುಗಿಸಬೇಕು. 2020ರ ರಜನೀಶ್–ನೇಹಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಇಬ್ಬರೂ ಆಸ್ತಿ, ಆದಾಯದ ಪ್ರಮಾಣಪತ್ರ ಕೊಡಬೇಕು, ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಸಿಗಬೇಕು ಅಂದಿತು. ತಲಾಖ್ ಪಡೆದ ಮುಸ್ಲಿಂ ಹೆಣ್ಣುಮಗಳೂ 125ರಡಿ ಕೇಳಬಹುದು ಅಂತ 2024ರ ಜುಲೈನಲ್ಲಿ ಇನ್ನೊಂದು ತೀರ್ಪು. ಆದರೆ ಆದಾಯ ತೋರಿಸುವ ಕಾಗದ ಎಲ್ಲಿಂದ ತರುವುದು? ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ನಡೆಯುತ್ತಿದ್ದಾಗ ಕೆಲಸಗಾರನ ಪಗಾರ ಚೀಟಿ ಇತ್ತು. ಕೋರ್ಟು ಕೇಳಿದರೆ ಕಂಪನಿಯಿಂದಲೇ ಹಿಡಿಸಬಹುದಿತ್ತು. ಕಾರ್ಖಾನೆ ಬಾಗಿಲು ಹಾಕಿ ಎರಡು ದಶಕ ದಾಟಿತು. ಈಗಿನ ಗಂಡ ಒಂದು ವಾರ ಹಮಾಲಿ, ಒಂದು ವಾರ ಗಾರೆ ಕೆಲಸ, ಆಮೇಲೆ ಬೆಂಗಳೂರು. ಗಟ್ಟಿಮುಟ್ಟಾಗಿರುವವನು ಕೂಲಿ ಮಾಡಿಯಾದರೂ ಹೆಂಡತಿ ಮಕ್ಕಳನ್ನು ಸಾಕಬೇಕು ಅಂತ 2022ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದೇನೋ ನಿಜ. ಕೊಡದಿದ್ದರೆ ಒಂದೊಂದು ತಿಂಗಳ ಬಾಕಿಗೂ ಒಂದು ತಿಂಗಳವರೆಗೆ ಜೈಲು. ಬಾಕಿ ಬಿದ್ದ ವರ್ಷದೊಳಗೇ ವಸೂಲಿಗೆ ಅರ್ಜಿ ಹಾಕಬೇಕೆಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಪುಕ್ಕಟೆ ಸಿಗುತ್ತಾರೆ, ಅದೂ ಗೊತ್ತಿಲ್ಲ.

ಮಗು ಯಾರಿಗೆ ಅನ್ನುವ ಪ್ರಶ್ನೆಗೆ 1956ರ ಹಿಂದೂ ಪೋಷಕತ್ವ ಕಾಯ್ದೆ ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಅನ್ನುತ್ತದೆ; ಪೋಷಕತ್ವ ಮಾತ್ರ ತಂದೆಗೆ, ಅವನ ನಂತರ ತಾಯಿಗೆ. ಆ ‘ನಂತರ’ ಅಂದರೆ ಅವನು ಸತ್ತ ಮೇಲೆ ಅಂತಲೇ ಅಲ್ಲ, ಅವನು ಹೊಣೆ ಹೊರದಿದ್ದಾಗಲೂ ಹೌದು ಅಂತ 1999ರಲ್ಲಿ ತೀರ್ಪು ಪಡೆದವರು ಲೇಖಕಿ ಗೀತಾ ಹರಿಹರನ್. ಹೆಸರಲ್ಲಿ ಹರಿಹರ ಇದ್ದರೂ ಈ ಊರಿನವರಲ್ಲ.

ಜವಾನ ಆ ಹೆಂಗಸಿನ ಹೆಸರು ಕೂಗಿದ. ಒಳಗಿನ ಮಾತು ಹೊರಗಿನವರು ಕೇಳುವಂಥದ್ದಲ್ಲ. ನಾನು ಅಲ್ಲೇ ಉಳಿದೆ. ಆಗಲೇ ಕಂಡಿದ್ದು: ಹರಿಹರದಿಂದ ಬಂದ ಅಪ್ಪನೊಬ್ಬ ಮೆಟ್ಟಿಲ ಬಳಿ ಮಗನಿಗೆ ಮಂಡಕ್ಕಿ ಪೊಟ್ಟಣ ಕೊಟ್ಟ. ಹುಡುಗ ಅಮ್ಮನ ಕಡೆ ನೋಡಿದ. ಅವಳು ಕಣ್ಣಲ್ಲೇ ಹ್ಞೂಂ ಅಂದಳು. ತೆಗೆದುಕೊಂಡ, ತಿನ್ನಲಿಲ್ಲ, ಜೇಬಿಗೆ ಹಿಡಿಸದೆ ಕೈಯಲ್ಲೇ ಹಿಡಿದು ನಿಂತ. ಅಪ್ಪ ಅವನ ಅಂಗಿಯ ಮೇಲಿನ ಗುಂಡಿ ಹಾಕಿದ.

ಪ್ಲಾಸ್ಟಿಕ್ ಕವರಿನ ಹೆಂಗಸು ಹೊರಗೆ ಬಂದಾಗ ಕೈಲಿ ಹೊಸ ಚೀಟಿ. ಓದಿ ಹೇಳಿ ಅಂತ ನನ್ನ ಕಡೆ ಚಾಚಿದಳು. ತಾರೀಖು ಹೇಳಿದೆ. ಬೆರಳು ಮಡಚಿ ಎಣಿಸಿ ಅಂದಳು: ‘ಅವತ್ತು ಹುಡುಗಂದು ಗಣಿತದ ಪರೀಕ್ಷೆ.’