‘ಕ’ ಅಕ್ಷರಕ್ಕೆ ನಾಲ್ಕೇ ಪದ!

‘ಕ’ದಿಂದ ಶುರುವಾಗುವ ಪದಗಳನ್ನು ಒಂದು ನಿಮಿಷದಲ್ಲಿ ಎಷ್ಟು ಸಾಧ್ಯವೋ ಅಷ್ಟು ಹೇಳಿ. ಊರಿನ, ಜನರ ಹೆಸರು ಬೇಡ. ಹೇಳಿದ್ದನ್ನೇ ಮತ್ತೆ ಹೇಳುವಂತಿಲ್ಲ.

ನೀವೂ ಪ್ರಯತ್ನಿಸಿ ನೋಡಿ. ಕಬ್ಬು, ಕತ್ತೆ, ಕಡಲೆ... ಮೊದಲು ಸರಸರನೆ ಬರುತ್ತವೆ, ಆಮೇಲೆ ತಡವರಿಸುತ್ತೇವೆ. ನಮ್ಮಣ್ಣ ಹೇಳಿದ್ದು ನಾಲ್ಕೇ ಪದ.

ಕಳೆದ ವರ್ಷ ಬೈಕಿನಿಂದ ಬಿದ್ದು ಅಣ್ಣನ ತಲೆಗೆ ಪೆಟ್ಟಾಗಿತ್ತು. ಗಾಯ ಮಾಯ್ದರೂ ಮರೆವು ಹೋಗಲಿಲ್ಲ. ಒಲೆ ಮೇಲೆ ಹಾಲಿಟ್ಟಿದ್ದು, ಅಂಗಡಿಯವನಿಗೆ ದುಡ್ಡು ಕೊಟ್ಟಿದ್ದು ಯಾವುದೂ ನೆನಪಿರುತ್ತಿರಲಿಲ್ಲ. ಪರಿಹಾರದ ಕೇಸಿಗೆಂದು ಮಿದುಳಿನ ಸಾಮರ್ಥ್ಯ ಅಳೆಯುವ ಪರೀಕ್ಷೆಗಳನ್ನು ಮಾಡಿಸಿದೆವು. ಮುಗಿದ ಮೇಲೆ ಮನಶ್ಶಾಸ್ತ್ರಜ್ಞೆ ಮೇಡಂ, ‘ಇವರು ಪೂರ್ತಿ ಮನಸ್ಸಿಟ್ಟು ಉತ್ತರಿಸಿಲ್ಲ ಅನ್ನಿಸುತ್ತೆ. ಏನಾದರೂ ಕಾರಣ ಇದೆಯಾ?’ ಎಂದರು. ಅಮ್ಮನಿಗೆ ಸಿಟ್ಟು ಬಂತು. ‘ನನ್ನ ಮಗ ನಾಟಕ ಮಾಡ್ತಾನಾ?’

ಮೇಡಂ ಸಮಾಧಾನದಿಂದಲೇ ವಿವರಿಸಿದರು. ‘ವರ್ಬಲ್ ಫ್ಲೂಯೆನ್ಸಿ’ ಎಂಬ ಈ ಪರೀಕ್ಷೆ ಮಿದುಳು ಪದಗಳನ್ನು ಎಷ್ಟು ಬೇಗ ಹುಡುಕುತ್ತದೆ ಎಂದು ಅಳೆಯುತ್ತದೆ. ಇಂಗ್ಲಿಷಿನಲ್ಲಿ ಎಫ್, ಎ, ಎಸ್ ಅಕ್ಷರಗಳನ್ನು ಕೊಟ್ಟರೆ, ನಮ್ಮಲ್ಲಿ ಕ, ಪ, ಮ ಕೊಡುವುದುಂಟು. ಪ್ರಾಣಿಗಳ ಹೆಸರನ್ನೂ ಕೇಳುತ್ತಾರೆ. ನಿಜವಾಗಿ ಪೆಟ್ಟು ತಿಂದವರೂ ಒಂದು ಮಟ್ಟಕ್ಕಿಂತ ಕೆಳಗೆ ಇಳಿಯುವುದು ಅಪರೂಪ. ಅದಕ್ಕೂ ಕೆಳಗೆ ಇಳಿದರೆ ಪರೀಕ್ಷೆಯ ಉಳಿದ ಫಲಿತಾಂಶಗಳನ್ನೂ ನಂಬಬಹುದೇ ಎಂಬ ಪ್ರಶ್ನೆ ಏಳುತ್ತದೆ.

ಎಂಜಿನಿಯರಿಂಗ್ ಓದುವ ನನಗೆ ಥಟ್ಟನೆ ಲ್ಯಾಬ್ ನೆನಪಾಯಿತು. ಬಲ್ಬ್ ಉರಿಯುತ್ತಿದೆ, ಮಲ್ಟಿಮೀಟರ್ ಮಾತ್ರ ಸೊನ್ನೆ ತೋರಿಸುತ್ತಿದೆ ಎಂದರೆ ನಾವು ಮೊದಲು ಅನುಮಾನಿಸುವುದು ಬ್ಯಾಟರಿಯನ್ನಲ್ಲ, ರೀಡಿಂಗನ್ನು. ಅಣ್ಣ ಹೊರಗೆ ಕುಳಿತು ಅರ್ಧ ಗಂಟೆ ಕ್ರಿಕೆಟ್ ಬಗ್ಗೆ ಎಲ್ಲೂ ತಡೆಯದೆ ಮಾತಾಡಿದ್ದ!

ಹಾಗಂತ ಕಡಿಮೆ ಅಂಕ ಬಂದವರೆಲ್ಲ ಸುಳ್ಳುಗಾರರಲ್ಲ. ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡವರು, ಡಿಮೆನ್ಷಿಯಾ ಇರುವವರು, ಶಾಲೆಯ ಮುಖ ನೋಡದವರು, ತಮ್ಮದಲ್ಲದ ಭಾಷೆಯಲ್ಲಿ ಉತ್ತರಿಸುವವರು ಪ್ರಾಮಾಣಿಕವಾಗಿಯೇ ಹಿಂದೆ ಬೀಳಬಹುದು. ಆದ್ದರಿಂದ ಇದೊಂದನ್ನೇ ನೋಡಿ ತೀರ್ಮಾನಿಸುವುದಿಲ್ಲ. ಇಂಥ ಹಲವು ಸುಳಿವುಗಳು ಒಂದೇ ಕಡೆ ಬೊಟ್ಟು ಮಾಡಬೇಕು. ಅಣ್ಣನ ವಿಷಯದಲ್ಲಿ ಮಾಡಿದ್ದವು.

ವಾಪಸ್ ಬರುವಾಗ ಬಸ್ಸಿನಲ್ಲಿ ಅಣ್ಣ ಬಾಯಿಬಿಟ್ಟ. ‘ಚೆನ್ನಾಗಿ ಉತ್ತರ ಹೇಳಿದ್ರೆ ದುಡ್ಡು ಕಮ್ಮಿ ಆಗುತ್ತೆ ಅಂತ ಮಾವ ಹೇಳಿದ್ರು ಕಣೋ.’

ನನಗೆ ಸಿಟ್ಟಿಗಿಂತ ಹೆದರಿಕೆಯಾಯಿತು. ಅವನ ಮರೆವು ನಿಜ. ಅದಕ್ಕೆ ಸೇರಿಸಿದ ಚೂರು ಸುಳ್ಳು ಆ ನಿಜವನ್ನೂ ನುಂಗಿಹಾಕುತ್ತಿತ್ತು.

ಮರುದಿನ ಇಬ್ಬರೂ ಹೋಗಿ ಮೇಡಂಗೆ ಇದ್ದದ್ದನ್ನು ಇದ್ದಂತೆ ಹೇಳಿದೆವು. ಅವರು ಬೈಯಲಿಲ್ಲ, ಕೆಲವು ತಿಂಗಳ ನಂತರ ಮತ್ತೆ ಕರೆದರು. ಈ ಸಲ ‘ಕ’ಕ್ಕೆ ಒಂಬತ್ತು ಪದ ಬಂದವು. ನೆನಪಿನ ಪರೀಕ್ಷೆಗಳಲ್ಲಿ ಮಾತ್ರ ಅಣ್ಣ ಸೋತ, ಪೂರ್ತಿ ಪ್ರಯತ್ನಪಟ್ಟೂ ಸೋತ. ವರದಿಯಲ್ಲೂ ಹಾಗೆಯೇ ಬರೆದಿದ್ದಾರೆ.

ಕೇಸು ಇನ್ನೂ ಮುಗಿದಿಲ್ಲ. ಆದರೆ ಅಣ್ಣನ ಕಷ್ಟ ನಿಜವೆಂದು ಹೇಳುವ ಕಾಗದ ಈಗ ನಮ್ಮ ಕೈಯಲ್ಲಿದೆ.