ಬಿತ್ತುವ ಮೊದಲೇ ಪಾಲು

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಬರ್ಕ್‌ಷೈರ್ ಬೆಟ್ಟಗಳಲ್ಲಿ ಮಾರ್ಚ್ ಕಳೆದರೂ ಚಳಿ ಬಿಡುವುದಿಲ್ಲ. ತರಕಾರಿ ಹೊಲದಲ್ಲಿ ಹಸಿರೇ ಕಾಣದ ಈ ದಿನಗಳಲ್ಲೇ ಸುತ್ತಲಿನ ಎಷ್ಟೋ ಮನೆಯವರು ಇಡೀ ಹಂಗಾಮಿನ ತರಕಾರಿಗೆ ದುಡ್ಡು ಕಟ್ಟಿರುತ್ತಾರೆ. ಬೀಜ, ಗೊಬ್ಬರ, ಕೂಲಿ ಎಂದು ರೈತನ ಕೈ ಖಾಲಿಯಾಗುವ ಹೊತ್ತಿಗೆ ಸರಿಯಾಗಿ ಬರುವ ಹಣ ಅದು. ಅದಕ್ಕೆ ಪ್ರತಿಯಾಗಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಪ್ರತಿ ವಾರ ಅವರಿಗೆ ಬೆಳೆಯಲ್ಲಿ ಪಾಲು.

‘ಸಿಎಸ್‌ಎ’, ಅಂದರೆ ಸಮುದಾಯ ಬೆಂಬಲಿತ ಕೃಷಿ ಎಂದು ಹೆಸರಾದ ಈ ಪದ್ಧತಿಯ ತವರುಗಳಲ್ಲಿ ಒಂದು, ಇದೇ ಬೆಟ್ಟಸೀಮೆಯ ಸೌತ್ ಎಗ್ರೆಮಾಂಟ್‌ನ ಇಂಡಿಯನ್ ಲೈನ್ ಫಾರ್ಮ್. ಅದರ ಒಡತಿ ರಾಬಿನ್ ವಾನ್ ಎನ್ ಮತ್ತು ಗೆಳೆಯರು 1985ರಲ್ಲಿ ಮೊದಲು ಸೇಬಿನ ಪಾಲು ಹಂಚಿ ನೋಡಿದರು. 1986ರಲ್ಲಿ ತರಕಾರಿಗೆ ಕೈಹಾಕಿದರು. ಅದೇ ವರ್ಷ ನೆರೆಯ ನ್ಯೂ ಹ್ಯಾಂಪ್‌ಷೈರ್‌ನಲ್ಲೂ ಟೆಂಪಲ್-ವಿಲ್ಟನ್ ಎಂಬ ಫಾರ್ಮ್ ಇಂಥದೇ ದಾರಿ ಹಿಡಿಯಿತು. ಜಪಾನಿನಲ್ಲಿ ‘ತೇಕೇ’ ಎಂಬ ಹೆಸರಿನಲ್ಲಿ ರೈತರೂ ಗೃಹಿಣಿಯರೂ ಹೀಗೆ ಕೈಜೋಡಿಸಿದ್ದು ಇನ್ನೂ ಮೊದಲು, 1970ರ ದಶಕದಲ್ಲಿ.

ಲೆಕ್ಕ ಸರಳ. ವರ್ಷದ ಬೇಸಾಯದ ಖರ್ಚು, ರೈತ ಕುಟುಂಬದ ಜೀವನಕ್ಕೆ ಬೇಕಾದದ್ದು ಎರಡನ್ನೂ ಕೂಡಿಸಿ, ಆ ನೆಲ ಸಾಕಬಲ್ಲ ಮನೆಗಳ ಸಂಖ್ಯೆಯಿಂದ ಭಾಗಿಸಿದರೆ ಒಂದು ಪಾಲಿನ ಬೆಲೆ. ತರಕಾರಿಗೆ ಕಿಲೋ ದರ ಎಂಬುದೇ ಇಲ್ಲ.

ಪಾಲು ಒಯ್ಯುವ ದಿನ ಕಣಜದ ಬಾಗಿಲಲ್ಲಿ ಒಂದು ಹಲಗೆ ನಿಲ್ಲಿಸಿರುತ್ತಾರೆ: ಲೆಟ್ಯೂಸ್ ಎರಡು, ಮೂಲಂಗಿ ಒಂದು ಕಟ್ಟು, ಬೀನ್ಸ್ ನೀವೇ ಬಿಡಿಸಿಕೊಳ್ಳಿ. ಮಕ್ಕಳು ಸಾಲಿನ ನಡುವೆ ಬಗ್ಗಿ ಬೀನ್ಸ್ ಕೀಳುತ್ತಾರೆ. ಬುಟ್ಟಿಗೆ ಬೀಳುವುದಕ್ಕಿಂತ ಬಾಯಿಗೆ ಹೋಗುವುದೇ ಹೆಚ್ಚು. ಆಗಸ್ಟ್‌ನಲ್ಲಿ ಟೊಮೆಟೊ, ಮೆಕ್ಕೆಜೋಳ. ಚಳಿ ಹತ್ತಿರವಾದಂತೆ ಕುಂಬಳ, ಗಜ್ಜರಿ, ಆಲೂಗಡ್ಡೆ. ನವಿಲುಕೋಸು ಬಂದ ವಾರ ಅದನ್ನೇನು ಮಾಡುವುದೆಂದು ಕೆಲವರು ಯೋಚಿಸಬಹುದು. ಕನ್ನಡದ ಮನೆಯೊಂದು ಪಾಲು ಪಡೆದಿದ್ದರೆ ಅಂದು ಅಲ್ಲಿ ಹುಳಿ ಕುದಿಯುತ್ತದೆ.

ಪಾಲು ಎಂಬ ಮಾತಿನ ನಿಜವಾದ ತೂಕ ತಿಳಿಯುವುದು ಬೆಳೆ ಕೈಕೊಟ್ಟಾಗ. 2009ರಲ್ಲಿ ಅಮೆರಿಕದ ಈಶಾನ್ಯ ರಾಜ್ಯಗಳ ಟೊಮೆಟೊ ಹೊಲಗಳಿಗೆ ಅಂಗಮಾರಿ ಬಡಿಯಿತು. ಹಾಸನದ ಆಲೂಗಡ್ಡೆ ಬೆಳೆಗಾರರ ನಿದ್ದೆಗೆಡಿಸುವ ರೋಗವೇ ಅದು. ಇಂಥ ವರ್ಷದಲ್ಲಿ ಪಾಲುದಾರರ ಬುಟ್ಟಿಯಲ್ಲಿ ಟೊಮೆಟೊ ಇರುವುದಿಲ್ಲ, ಕಟ್ಟಿದ ದುಡ್ಡೂ ವಾಪಸು ಬರುವುದಿಲ್ಲ. ನಷ್ಟ ಒಬ್ಬನ ಹೆಗಲಿನಿಂದ ಹಲವರ ಊಟದ ತಟ್ಟೆಗೆ ಹಂಚಿಹೋಗುತ್ತದೆ. ಮರುವರ್ಷ ಬಿತ್ತಲು ರೈತ ಉಳಿದಿರುತ್ತಾನೆ.

ಫಸಲು ಮರದಲ್ಲಿರುವಾಗಲೇ ಕೈಬದಲಾಗುವುದು ನಮ್ಮ ಅಡಿಕೆ ಸೀಮೆಗೆ ಹೊಸತಲ್ಲ. ಅಲ್ಲಿ ಚೇಣಿ ಇದೆ. ಆದರೆ ಚೇಣಿದಾರನ ಕಣ್ಣಿರುವುದು ದರದ ಮೇಲೆ. ಸಿಎಸ್‌ಎಯಲ್ಲಿ ಮುಂಗಡ ಕೊಡುವವರೇ ಉಣ್ಣುವವರು.

ಇಂಡಿಯನ್ ಲೈನ್ ಫಾರ್ಮ್‌ನ ರಾಬಿನ್ 1997ರಲ್ಲಿ ತೀರಿಕೊಂಡರು. ಹೊಲ ಮಾರಾಟವಾಗಿ ಮನೆ, ಬಂಗಲೆಗಳಾಗಬಹುದಿತ್ತು. ಸ್ಥಳೀಯ ಭೂ ಟ್ರಸ್ಟ್ ಮತ್ತಿತರರು ಸೇರಿ ನೆಲವನ್ನು ಉಳಿಸಿಕೊಂಡು, ಯುವ ರೈತ ದಂಪತಿಗೆ 99 ವರ್ಷದ ಗೇಣಿಗೆ ಕೊಟ್ಟರು. ಒಂದು ಹಂಗಾಮಿನ ತರಕಾರಿಗೆ ಮುಂಗಡ ಕೊಟ್ಟು ರೂಢಿಯಾದ ಊರು, ಮುಂದಿನ ಮೂರು ತಲೆಮಾರಿನ ತರಕಾರಿಗೂ ನೆಲ ಕಾದಿರಿಸಿತು.