ಸಣ್ಣ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಟೀಮ್ ನ್ಯಾಷನಲ್ಸ್‌ಗೆ ಹೋಗಬಹುದಾ?

2022ರ ಮಾರ್ಚ್‌ನಲ್ಲಿ ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಟೂರ್ನಿಯಲ್ಲಿ ಯಾರೂ ನಂಬದಂಥದ್ದು ನಡೆಯಿತು. ನ್ಯೂಜೆರ್ಸಿಯ ಸೇಂಟ್ ಪೀಟರ್ಸ್ ಅನ್ನೋ ಸಣ್ಣ ಸಂಸ್ಥೆ, ತನ್ನ ಗುಂಪಿನಲ್ಲಿ 15ನೇ ಶ್ರೇಯಾಂಕದ ಟೀಮ್, ಘಟಾನುಘಟಿ ಕೆಂಟಕಿಯನ್ನ ಓವರ್‌ಟೈಮ್‌ನಲ್ಲಿ 85-79ರಿಂದ ಮನೆಗೆ ಕಳಿಸಿತು. ಆಮೇಲೆ ಮರ್ರೆ ಸ್ಟೇಟ್, ಅದಾದ ಮೇಲೆ ಪರ್ಡ್ಯೂ. ಕೊನೆಯ ಎಂಟು ಟೀಮ್‌ಗಳ ಹಂತಕ್ಕೆ 15ನೇ ಶ್ರೇಯಾಂಕದವರು ಬಂದಿದ್ದು ಅದೇ ಮೊದಲು. ಈ ಪಂದ್ಯಗಳ ರೀಲ್ಸ್ ನೋಡಿದ ಯಾವ ಹಾಸ್ಟೆಲ್ ಹುಡುಗನಿಗಾದರೂ ಬರೋ ಪ್ರಶ್ನೆ ಒಂದೇ: ನಮ್ಮ ಟೀಮೂ ಹಿಂಗ ಒಂದ್ಸಲ ನ್ಯಾಷನಲ್ಸ್‌ಗೆ ಹೋಗಿ ಯಾರನ್ನಾದರೂ ಉರುಳಿಸಬಹುದಾ?

ನೇರವಾಗಿ ಹೇಳ್ತೀನಿ: ಕಾಲೇಜು ಟೀಮ್ ಆಗಿ ಆಗಂಗಿಲ್ಲ. ನಾವು ಚೆನ್ನಾಗಿ ಆಡಲ್ಲ ಅಂತಲ್ಲ. ಆ ಬಾಗಿಲೇ ಕಾಲೇಜಿಗೆ ಇಲ್ಲ.

ನಮ್ಮ ದೇಶದಲ್ಲಿ ವಿದ್ಯಾರ್ಥಿಗಳ ರಾಷ್ಟ್ರಮಟ್ಟದ ಟೂರ್ನಿ ನಡೆಸೋದು ಭಾರತೀಯ ವಿಶ್ವವಿದ್ಯಾಲಯಗಳ ಸಂಘ, ಅಂದರೆ ಎಐಯು. ಅಲ್ಲಿ ಆಡೋದು ವಿಶ್ವವಿದ್ಯಾಲಯಗಳ ಟೀಮ್‌ಗಳು. ಇಂಜಿನಿಯರಿಂಗ್ ಕಾಲೇಜಿನವರು ಮೊದಲು ವಿಟಿಯು ಅಂತರ ಕಾಲೇಜು ಪಂದ್ಯ ಆಡಬೇಕು. ಅಲ್ಲಿ ಕಣ್ಣಿಗೆ ಬಿದ್ದವರನ್ನ ಆರಿಸಿ ವಿಟಿಯು ಟೀಮ್ ಮಾಡ್ತಾರೆ. ಅದು ಕರ್ನಾಟಕ, ತಮಿಳುನಾಡು, ಕೇರಳ, ಆಂಧ್ರ, ತೆಲಂಗಾಣ, ಪುದುಚೇರಿಯ ವಿವಿಗಳ ಜೊತೆ ದಕ್ಷಿಣ ವಲಯದಲ್ಲಿ ಆಡುತ್ತೆ. ಅಲ್ಲಿ ಮೊದಲ ನಾಲ್ಕರಲ್ಲಿ ಬಂದರೆ ಅಖಿಲ ಭಾರತ ಹಂತ. ಅಲ್ಲೂ ಮೊದಲ ಎಂಟರೊಳಗೆ ಇದ್ದರೆ ಖೇಲೋ ಇಂಡಿಯಾ ವಿವಿ ಕ್ರೀಡಾಕೂಟ. ಅಂದರೆ ನಮ್ಮ ಕಾಲೇಜಿನ ಜೆರ್ಸಿ ವಿಟಿಯು ಗಡಿಯಲ್ಲೇ ನಿಂತುಬಿಡುತ್ತೆ. ದಾಟಿ ಹೋದರೆ ಆಟಗಾರ ಹೋಗ್ತಾನೆ, ಟೀಮ್ ಹೋಗಲ್ಲ.

ಇದು ಎಷ್ಟು ವಿಚಿತ್ರ ಅಂತ ಗೊತ್ತಾಗಬೇಕಂದ್ರೆ ಬೀಳಗಿ ತಾಲ್ಲೂಕಿನ ಬಾಡಗಂಡಿಗೆ ಬರ್ರಿ. ಸಕ್ಕರೆ ಕಾರ್ಖಾನೆ, ಸುತ್ತ ಕಬ್ಬಿನ ಹೊಲ, ಈಗ ಒಂದು ಮೆಡಿಕಲ್ ಕಾಲೇಜೂ ಇರೋ ಊರು. ಒಂದೇ ಅಂಗಳದಲ್ಲಿ ಆಡಿ ಬೆಳೆದ ಮೂವರು ಗೆಳೆಯರು ಅಂತ ಇಟ್ಕೊಳ್ಳಿ. ಒಬ್ಬ ಊರಲ್ಲೇ ಎಂಬಿಬಿಎಸ್ ಸೇರಿದ, ಅವನು ರಾಜೀವ್ ಗಾಂಧಿ ಆರೋಗ್ಯ ವಿವಿ ಪಾಲು. ಇನ್ನೊಬ್ಬ ಮುಧೋಳದಲ್ಲಿ ಇಂಜಿನಿಯರಿಂಗ್, ವಿಟಿಯು. ಮೂರನೆಯವನು ಜಮಖಂಡಿಯಲ್ಲಿ ಬಿ.ಎಸ್ಸಿ., ಅಲ್ಲೇ 2023ರಲ್ಲಿ ಶುರುವಾದ ಬಾಗಲಕೋಟೆ ವಿವಿ ಅವನದು. ಮೂವರೂ ದಕ್ಷಿಣ ವಲಯ ಮುಟ್ಟಿದರೂ ಒಂದೇ ಟೀಮ್‌ನಲ್ಲಿ ಆಡಂಗಿಲ್ಲ, ಎದುರುಬದುರೇ ನಿಲ್ಲಬೇಕು.

ಇನ್ನೂ ಒಂದು ಮಜಾ ಇದೆ. ಮೂವರಲ್ಲಿ ಸಲೀಸಾದ ದಾರಿ ಬಿ.ಎಸ್ಸಿ. ಹುಡುಗನದ್ದು. ವಿಟಿಯು ಅಡಿಯಲ್ಲಿ 200ಕ್ಕೂ ಹೆಚ್ಚು ಕಾಲೇಜುಗಳಿವೆ, ಬೆಂಗಳೂರು, ಮೈಸೂರಿನ ಕ್ಲಬ್‌ಗಳಲ್ಲಿ ಚಿಕ್ಕಂದಿನಿಂದ ಆಡಿದವರೂ ಅದರಲ್ಲೇ ಇದ್ದಾರೆ. ಎಲ್ಲಾ ಸೇರಿ ಟೀಮ್‌ನಲ್ಲಿ ಜಾಗ 12. ಬಾಗಲಕೋಟೆ ವಿವಿಗೂ ಅದೇ 12 ಜಾಗ, ಆದರೆ ಕಾಲೇಜುಗಳು ಒಂದು ಜಿಲ್ಲೆಯವು. ದಕ್ಷಿಣ ವಲಯಕ್ಕೆ ವಿವಿಗೊಂದು ಟೀಮ್. ದೊಡ್ಡ ವಿವಿ, ಸಣ್ಣ ವಿವಿ ಅನ್ನೋ ಭೇದ ಅಲ್ಲಿಲ್ಲ. ಕೆಲಸದ ಆಸೆಗೆ ಇಂಜಿನಿಯರಿಂಗ್ ಸೇರಿದ ನಮಗೆ ಈ ವಿಷಯ ಅಡ್ಮಿಷನ್ ಟೈಮಲ್ಲಿ ಯಾರೂ ಹೇಳಿರಲ್ಲ ಬಿಡಿ.

ವಲಯದೊಳಗೆ ಹೋದ ಮೇಲೆ ಎದುರಿಗೆ ಯಾರಿರ್ತಾರೆ? ಎಸ್‌ಆರ್‌ಎಂ, ಜೈನ್ ಥರದ ಡೀಮ್ಡ್ ವಿವಿಗಳು. ಅವರಲ್ಲಿ ಕಾಲೇಜು ಮತ್ತು ವಿವಿ ಹೆಚ್ಚುಕಡಿಮೆ ಒಂದೇ. ಆಟಗಾರರನ್ನ ಹುಡುಕಿ ಸೀಟು ಕೊಟ್ಟು ಕರ್ಕೊಂಡು ಬರ್ತಾರೆ, ಅವರು ವರ್ಷವಿಡೀ ಒಟ್ಟಿಗೇ ಆಡ್ತಾರೆ. 2022ರಲ್ಲಿ ಬೆಂಗಳೂರಲ್ಲಿ ನಡೆದ ಖೇಲೋ ಇಂಡಿಯಾ ವಿವಿ ಕೂಟದಲ್ಲಿ ಎಲ್ಲಾ ಆಟ ಸೇರಿ 20 ಚಿನ್ನ ಗೆದ್ದು ಮೊದಲ ಸ್ಥಾನ ಪಡೆದಿದ್ದು ಆತಿಥ್ಯ ವಹಿಸಿದ್ದ ಜೈನ್ ವಿವಿಯೇ. ನಮ್ಮಂಥ ಸಂಯೋಜಿತ ವಿವಿಯ ಟೀಮ್ ಬೇರೆ ಬೇರೆ ಊರಿನ ಹುಡುಗರದ್ದು, ಒಬ್ಬರ ಪಾಸ್ ಇನ್ನೊಬ್ಬರಿಗೆ ಅರ್ಥ ಆಗೋ ಹೊತ್ತಿಗೆ ಟೂರ್ನಿ ಮುಗಿದಿರುತ್ತೆ.

ಹಂಗಾದ್ರೆ ಸಣ್ಣ ಕಾಲೇಜಿನ ಕೈಯಲ್ಲಿ ಏನಿದೆ? ಮೊದಲ ಸುತ್ತುಗಳಲ್ಲಿ ಸೋಲದೇ ಉಳಿಯೋದು. ನಾಕೌಟ್‌ನಲ್ಲಿ ಬೆಳಿಗ್ಗೆ ಎಂಟಕ್ಕೆ ಸೋತು ಬಸ್ ಹತ್ತಿದ ಟೀಮ್‌ನ ಆಟಗಾರನನ್ನ ಸೆಲೆಕ್ಟರ್‌ಗಳು ಎಷ್ಟು ನೋಡಿರ್ತಾರೆ? ಇನ್ನೊಂದು ಪಂದ್ಯ ಗೆದ್ದರೆ ಇನ್ನೊಂದು 40 ನಿಮಿಷ ನೋಡ್ತಾರೆ. ಈ ಗೆಲ್ಲೋ ವಿಷಯದಲ್ಲಿ ನಮ್ಮ ಮ್ಯಾಥ್ಸ್ ಪೇಪರ್ ಸ್ವಲ್ಪ ಉಪಯೋಗಕ್ಕೆ ಬರುತ್ತೆ.

ಎದುರಾಳಿ ಪ್ರತಿ ಸರದಿಗೆ ಒಂದು ಶಾಟ್ ಹೊಡೆದು ಸರಾಸರಿ 1 ಪಾಯಿಂಟ್ ತರ್ತಾರೆ, ನಾವು 0.8 ತರ್ತೀವಿ ಅಂದುಕೊಳ್ಳಿ. ಇಬ್ಬರಿಗೂ 80 ಸರದಿ ಸಿಕ್ಕರೆ ಸರಾಸರಿ 16 ಪಾಯಿಂಟ್ ಸೋಲು. 60 ಸರದಿಗೆ ಇಳಿಸಿದರೆ 12. ನಾವು ಎರಡು ಪಾಯಿಂಟಿನ ಶಾಟ್‌ಗಳನ್ನ 40% ಹಾಕಿದರೂ 0.8 ಬರುತ್ತೆ, ಮೂರು ಪಾಯಿಂಟಿನವನ್ನ 27%ಗೆ ಸ್ವಲ್ಪ ಕಡಿಮೆ ಹಾಕಿದರೂ 0.8 ಬರುತ್ತೆ. ಸರಾಸರಿ ಒಂದೇ, ಆದರೆ ವೇರಿಯನ್ಸ್ 0.96ರಿಂದ 1.76ಕ್ಕೆ ಏರುತ್ತೆ. ಎದುರಾಳಿಯ ವೇರಿಯನ್ಸ್ 1 ಅಂತ ಹಿಡಿದು ನಾರ್ಮಲ್ ಟೇಬಲ್ ನೋಡಿ. 80 ಸರದಿ, ಬರೀ ಎರಡರ ಶಾಟ್: ಗೆಲ್ಲೋ ಸಾಧ್ಯತೆ ಸುಮಾರು 10%. 60 ಸರದಿ, ಬರೀ ಮೂರರ ಶಾಟ್: 17-18%. ಟ್ಯಾಲೆಂಟ್ ಒಂದು ಚೂರೂ ಹೆಚ್ಚಾಗಿಲ್ಲ, ಅದೃಷ್ಟ ಓಡಾಡೋಕೆ ಜಾಗ ಮಾಡಿಕೊಟ್ಟಿದ್ದೀವಿ ಅಷ್ಟೇ. ಫೌಲು, ರೀಬೌಂಡು ಎಲ್ಲಾ ಬಿಟ್ಟು ಮಾಡಿದ ಆಟಿಕೆ ಲೆಕ್ಕ ಇದು. ನಿಜದಲ್ಲಿ ಬರೀ ಮೂರೇ ಹೊಡೀತಾ ಕೂತರೆ ಎದುರಾಳಿ 6.75 ಮೀಟರ್ ಗೆರೆ ಮೇಲೇ ಬಂದು ನಿಲ್ತಾನೆ. ಆದರೂ ನಮ್ಮ ಹುಡುಗರು ಮಾಡೋದು ಉಲ್ಟಾ: ಬಲಿಷ್ಠ ಟೀಮ್ ಸಿಕ್ಕ ಕೂಡ್ಲೇ ಓಡಿ ಓಡಿ ಆಡ್ತಾರೆ, ಸರದಿ ಹೆಚ್ಚಿಸ್ತಾರೆ, ಸೋಲನ್ನ ಖಾತ್ರಿ ಮಾಡ್ಕೊಳ್ತಾರೆ. 24 ಸೆಕೆಂಡಿನಲ್ಲಿ ಕನಿಷ್ಠ 18 ಬಳಸಿ ಶಾಟ್ ತಗೊಳ್ಳೋದನ್ನ ಕಲಿಯೋಕೆ ಮರದ ನೆಲ ಬೇಕಾಗಿಲ್ಲ.

ನೆಲದ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡ್ತೀನಿ. ಸಿಮೆಂಟ್ ಕೋರ್ಟ್‌ನಲ್ಲಿ ಮೇಲಿನ ಧೂಳಿಗೆ ಶೂ ಜಾರುತ್ತೆ, ಅದಕ್ಕೇ ನಿಲ್ಲೋಕೆ ಒಂದೆರಡು ಹೆಜ್ಜೆ ಜಾಸ್ತಿ ತಗೊಳ್ಳೋ ಅಭ್ಯಾಸ ಆಗಿರುತ್ತೆ. ಒಳಾಂಗಣದ ಮರದ ನೆಲಕ್ಕೆ ಹೋದ ಮೊದಲ ದಿನ ಅದೇ ಹೆಜ್ಜೆ ಟ್ರಾವೆಲಿಂಗ್ ಆಗುತ್ತೆ, ರೆಫರಿ ಸೀಟಿ ಊದ್ತಾನೆ. ಸೆಲೆಕ್ಷನ್ ಪಂದ್ಯಕ್ಕೆ ಮೊದಲು ಒಂದೆರಡು ದಿನವಾದರೂ ಅಂಥ ಕೋರ್ಟ್ ಸಿಗೋ ಹಾಗೆ ಪಿ.ಡಿ. ಸರ್ ಹತ್ರ ಕೇಳ್ಕೊಳ್ಳೋದು ಒಳ್ಳೇದು.

ಟೀಮ್‌ನಲ್ಲಿ 12 ಜನ ಆಗದಿದ್ದರೆ 3x3 ನೋಡಿ. ಟೋಕಿಯೊ ಒಲಿಂಪಿಕ್ಸ್‌ನಿಂದ ಅದೂ ಪದಕದ ಆಟ. ಅರ್ಧ ಕೋರ್ಟ್, ಒಬ್ಬ ಬದಲಿ ಸೇರಿ ನಾಲ್ಕೇ ಜನ, 10 ನಿಮಿಷ ಅಥವಾ 21 ಪಾಯಿಂಟ್, ಯಾವುದು ಮೊದಲೋ ಅದು. ಹುಡುಗಿಯರ ಟೀಮ್ ಕಟ್ಟೋಕೆ ಜನ ಸಾಲಲ್ಲ ಅನ್ನೋ ಕಾಲೇಜುಗಳಿಗೆ ಇದು ಸರಿಯಾದ ಶುರು.

ಉಳಿದದ್ದು ಹಾಜರಾತಿ. ವಿಟಿಯು ಕೇಳೋದು 85%. ಕ್ಯಾಂಪ್, ವಲಯ, ಪ್ರಯಾಣ ಸೇರಿದರೆ ಎರಡು ವಾರ ಹೋಗಬಹುದು, ಮಧ್ಯ ಇಂಟರ್ನಲ್ಸ್ ಬೇರೆ. ಹಿಂಗಾಗಿ ಟ್ರಯಲ್ಸ್‌ಗೆ ಹೆಸರು ಕೊಡೋ ಮುಂಚೆ ಎಚ್‌ಒಡಿ ಹತ್ರ ಹೋಗಿ ಒಡಿ ಲೆಟರ್‌ಗೆ ಸಹಿ ಮಾಡಿಸಿ ಒಂದು ಜೆರಾಕ್ಸ್ ನಿಮ್ಮ ಹತ್ರ ಇಟ್ಕೊಳ್ಳಿ.